ಗಾಣ ಹೋಗಿದ್ದಕ್ಕೆ ಬೇಜಾರಿಲ್ಲ, ಮರ ಹೋಗಿದ್ದಕ್ಕೆ

ಎಲ್ಲರಿಗೂ ನಮಸ್ಕಾರ. ಸೂಪರ್ ಮಾರ್ಕೆಟ್ನಲ್ಲಿ ಆಲಿವ್ ಎಣ್ಣೆ ಬಾಟಲಿ ಮೇಲೆ ಕಲ್ಲಿನ ಗಾಣದ ಚಿತ್ರ ಹಾಕಿರ್ತಾರೆ, ಪಕ್ಕದಲ್ಲೊಬ್ಬ ಅಜ್ಜ, ಹಿಂದೆ ಹಳೇ ಮರ, ನೋಡಿರ್ತೀರಿ. ಅದರಲ್ಲಿ ಗಾಣ ಬರೀ ಶೋಕಿಗೆ. ಮರ ಮಾತ್ರ ನಿಜ, ನಿಜ ಆಗಿತ್ತು ಅಂತ ಹೇಳ್ಬೇಕು ಈಗ. ಇಟಲಿ ನಕ್ಷೆಯಲ್ಲಿ ಬೂಟಿನ ಹಿಮ್ಮಡಿ ಥರ ಕಾಣೋ ಜಾಗ ಸಲೆಂಟೋ, ಪುಲಿಯಾ ಪ್ರಾಂತ್ಯದ್ದು, ಅಲ್ಲಿನ ಆಲಿವ್ ಮನೆತನಗಳ ಕಥೆ ಇವತ್ತು.

ಅಲ್ಲಿ ಗಲ್ಲಿಪೊಲಿ ಅಂತ ಒಂದು ಬಂದರು ಊರಿದೆ, ಮೊದಲ ಮಹಾಯುದ್ಧದಲ್ಲಿ ಹೆಸರು ಕೇಳ್ತೀವಲ್ಲ ಆ ಟರ್ಕಿಯ ಗಲ್ಲಿಪೊಲಿ ಅಲ್ಲ. 18ನೇ ಶತಮಾನದಲ್ಲಿ ಇಲ್ಲಿಂದ ಹಡಗುಗಟ್ಟಲೆ ಎಣ್ಣೆ ಲಂಡನ್ ಕಡೆಗೆಲ್ಲ ಹೋಗ್ತಿತ್ತು, ಊಟಕ್ಕಲ್ಲ, ದೀಪ ಉರಿಸೋಕೆ, ಸೋಪು ಮಾಡೋಕೆ, ಉಣ್ಣೆ ಹದ ಮಾಡೋಕೆ. ಆ ಎಣ್ಣೆ ತೆಗೀತಿದ್ದ ಗಾಣಗಳು ನೆಲದಡಿ, ಬಂಡೆ ಕೊರೆದು ಮಾಡಿದ್ದು. ಯಾಕಂದ್ರೆ ಚಳಿಗೆ ಎಣ್ಣೆ ಹೆಪ್ಪುಗಟ್ಟುತ್ತೆ, ನೆಲದಡಿ ಆದ್ರೆ ಮಣ್ಣಿನ ಕಾವಿನ ಜೊತೆಗೆ ದೀಪದ ಕಾವು, ಹೇಸರಗತ್ತೆ ಕಾವು, ಮನುಷ್ಯರ ಕಾವು ಎಲ್ಲ ಸೇರಿ ಎಣ್ಣೆ ಹರೀತಾ ಇರುತ್ತೆ. ಅಕ್ಟೋಬರ್ಗೆ ಒಳಗೆ ಇಳಿದ ಆಳುಗಳು ಮೇ ಹೊತ್ತಿಗೆ ಕೆಲಸ ಮುಗಿಸೋರು, ಊಟ ನಿದ್ದೆ ಎಲ್ಲ ಅಲ್ಲೇ, ಗೋಡೆಗೆಲ್ಲ ಮಸಿ. ಕಣ್ಣಿಗೆ ಬಟ್ಟೆ ಕಟ್ಟಿದ ಹೇಸರಗತ್ತೆ ಸುತ್ತುತ್ತೆ, ನೆಟ್ಟಗೆ ನಿಲ್ಲಿಸಿದ ಗಾಣದ ಕಲ್ಲು ಉರುಳುತ್ತೆ, ಕಾಯಿ ಬೀಜ ಸಮೇತ ಅರೆದು ಮುದ್ದೆ ಆಗುತ್ತೆ. ಆ ಮುದ್ದೆಯನ್ನ ನಾರಿನಲ್ಲಿ ಹೆಣೆದ ದುಂಡನೆ ಚಾಪೆಗಳಿಗೆ ತುಂಬಿ ಒಂದರ ಮೇಲೊಂದು ಪೇರಿಸಿ ಮೇಲಿಂದ ಮರದ ಸ್ಕ್ರೂ ತಿರುಗಿಸಿ ಒತ್ತೋರು. ಕೆಳಗಿನ ಗುಂಡಿಗೆ ಎಣ್ಣೆ ನೀರು ಎರಡೂ ಸೋರಿ, ಎಣ್ಣೆ ಮೇಲೆ ತೇಲಿದ ಮೇಲೆ ತಟ್ಟೆಯಲ್ಲಿ ತೆಗೆಯೋದು.

ಕೇಳೋಕೆ ಚೆನ್ನಾಗಿದೆ. ಆದ್ರೆ ಎಣ್ಣೆ ಹೇಗಿರ್ತಿತ್ತು? ಮರಗಳು ಅಷ್ಟೆತ್ತರ, ಕಾಯಿ ಹಣ್ಣಾಗಿ ತಾನಾಗೇ ಉದುರೋವರೆಗೆ ಕಾದು ಹೆಂಗಸರು ಬಗ್ಗಿ ಬಗ್ಗಿ ನೆಲದಿಂದ ಆರಿಸೋರು, ಆಮೇಲೆ ಗಾಣದ ಸರದಿ ಬರೋ ತನಕ ರಾಶಿ ಹಾಕಿಡೋರು, ಅಷ್ಟರಲ್ಲಿ ಅದು ಬಿಸಿಯಾಗಿ ಹುಳಿಯೋಕೆ ಶುರು, ಇನ್ನು ಚಾಪೆ ಎಷ್ಟು ತೊಳೆದ್ರೂ ಹಳೇ ಜಿಡ್ಡು ಹೋಗಲ್ಲ. ಕಮಟು ವಾಸನೆ ಬರದೇ ಇರುತ್ತಾ? ದೀಪಕ್ಕೆ ಪರವಾಗಿಲ್ಲ ಬಿಡಿ, ದೀಪಕ್ಕೇನು ನಾಲಿಗೆ ಇದೆಯಾ. ಸೀಮೆಎಣ್ಣೆ, ಗ್ಯಾಸು, ಕರೆಂಟು ಬಂದ್ಮೇಲೆ ಆ ವ್ಯಾಪಾರ ಮುಗೀತು. ತಿನ್ನೋ ಎಣ್ಣೆ ಅಂದ್ರೆ ಈಗ ಲೆಕ್ಕವೇ ಬೇರೆ, ಕಾಯಿ ಬಣ್ಣ ತಿರುಗೋ ಹೊತ್ತಿಗೇ ಕೀಳ್ಬೇಕು, ಆದಷ್ಟು ಅದೇ ದಿನ ಮಿಲ್ಲಿಗೆ ಹೋಗ್ಬೇಕು, ಸ್ಟೀಲ್ ಮಷಿನ್ನಲ್ಲಿ 27 ಡಿಗ್ರಿ ದಾಟದಂಗೆ ಕಲಸಿ, ಗಿರಗಿರ ತಿರುಗಿಸಿ ಎಣ್ಣೆ ಬೇರೆ ಮಾಡ್ಬೇಕು. ಎಕ್ಸ್ಟ್ರಾ ವರ್ಜಿನ್, ಅಂದ್ರೆ ಮೊದಲ ದರ್ಜೆ ಎಣ್ಣೆ ಅನ್ನಿಸ್ಕೊಳ್ಳೋಕೆ ಆಮ್ಲ 0.8 ಪರ್ಸೆಂಟ್ ಮೀರಬಾರದು, ರುಚಿ ಪರೀಕ್ಷೆನೂ ಪಾಸಾಗ್ಬೇಕು. ಅದಕ್ಕೇ ಕಲ್ಲಿನ ಗಾಣ ಮ್ಯೂಸಿಯಂ ಸೇರಿದ್ದು ಒಳ್ಳೇದೇ ಆಯ್ತು ಅಂತೀನಿ ನಾನು.

ಹಾಗಾದ್ರೆ ಮನೆತನಕ್ಕೆ ಉಳಿದಿದ್ದೇನು? ಮರ. ಓಲಿಯಾರೋಲ, ಚೆಲ್ಲಿನಾ ಅಂತ ಅಲ್ಲಿನ ಎರಡು ತಳಿ, ಕಾಂಡ ತಿರುಚಿಕೊಂಡು ಟೊಳ್ಳಾಗಿ ಒಳಗೆ ಮನುಷ್ಯ ನಿಲ್ಲಬಹುದು ಅಷ್ಟು ದಪ್ಪ, ನೂರಾರು ವರ್ಷದವು. ನೆಟ್ಟವರು ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲ್ಲ. ಸೀಸನ್ ಬಂದ್ರೆ ಮರದಡಿ ಬಲೆ ಹಾಸ್ತಾರೆ, ಮಗ ಬ್ಯಾಟರಿ ಬಾಚಣಿಗೆಯಲ್ಲಿ ಕೊಂಬೆ ಬಾಚ್ತಾನೆ, ಅಪ್ಪ ಕೂತು ಎಲೆ ಕಡ್ಡಿ ಆರಿಸ್ತಾರೆ. 100 ಕೆಜಿ ಕಾಯಿಗೆ 15-20 ಕೆಜಿ ಎಣ್ಣೆ. ಮೊದಲು ವರ್ಷದ ಮನೆ ಖರ್ಚಿಗೆ ಎತ್ತಿಟ್ಟು, ಮಿಲಾನೋದಲ್ಲಿರೋ ಮಗಳಿಗೊಂದು ಡಬ್ಬ, ಮಿಕ್ಕಿದ್ದು ಮಾರಾಟ.

2013ರಲ್ಲಿ ಗಲ್ಲಿಪೊಲಿ ಸುತ್ತಮುತ್ತ ಮರಗಳ ತುದಿ ಬೆಂಕಿ ತಗುಲಿದಂಗೆ ಒಣಗೋದು ಯಾಕೆ ಅಂತ ಪತ್ತೆ ಆಯ್ತು. ಜೈಲೆಲ್ಲಾ ಅನ್ನೋ ಬ್ಯಾಕ್ಟೀರಿಯಾ, ಮರದೊಳಗೆ ನೀರೇರೋ ನಾಳಗಳನ್ನೇ ಮುಚ್ಚಿಬಿಡುತ್ತೆ, ಔಷಧಿ ಇಲ್ಲ. ಶೃಂಗೇರಿ ಕೊಪ್ಪ ಕಡೆ ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಕಳ್ಕೊಂಡವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಕೋಸ್ಟಾರಿಕಾದಿಂದ ಬಂದ ಅಲಂಕಾರದ ಕಾಫಿ ಗಿಡದ ಜೊತೆ ಬಂದಿರಬೇಕು ಅಂತ ವಿಜ್ಞಾನಿಗಳು ಹೇಳ್ತಾರೆ, ಹೊರದೇಶದಿಂದ ಬ್ಯಾಗಲ್ಲಿ ಗಿಡದ ಕಡ್ಡಿ ತರೋರು ಸ್ವಲ್ಪ ಕೇಳಿಸ್ಕೊಳ್ಳಿ. ಮರದಿಂದ ಮರಕ್ಕೆ ಹರಡೋದು ಒಂದು ಸಣ್ಣ ಜಿಗಿಯೋ ಹುಳ. ವಸಂತದಲ್ಲಿ ಕಳೆಗಿಡದ ಮೇಲೆ ಉಗುಳಿದಂಗೆ ನೊರೆ ಕಾಣುತ್ತಲ್ಲ, ಅದರೊಳಗಿರುತ್ತೆ ಅದರ ಮರಿ. ಆ ಟೈಮಲ್ಲಿ ಕಳೆ ಹೂಡಿಬಿಟ್ರೆ ಹುಳ ಕಮ್ಮಿ, ಅದೊಂದು ದಾರಿ.

ಸರ್ಕಾರ ಮರ ಕಡೀರಿ ಅಂತು. ರೋಗ ಬಂದ ಮರ ಅಷ್ಟೇ ಅಲ್ಲ, ಯುರೋಪಿನ 2015ರ ನಿಯಮದಲ್ಲಿ ಸುತ್ತ 100 ಮೀಟರಲ್ಲಿ ರೋಗ ತಗುಲಬಹುದಾದ ಗಿಡ ಎಲ್ಲಾನೂ. ಹಳೇ ಮರ ಮುಟ್ಟಬಾರದು ಅಂತ 2007ರಲ್ಲಿ ಕಾನೂನು ಮಾಡಿದ್ದೂ ಅದೇ ಪುಲಿಯಾ! ಜನ ರಸ್ತೆಗಿಳಿದ್ರು, ಮರ ಹತ್ತಿ ಕೂತ್ರು, ವಿಜ್ಞಾನಿಗಳೇ ರೋಗ ಬಿಟ್ಟಿದ್ದಾರೆ ಅನ್ನೋ ಗಾಳಿಮಾತು ಬೇರೆ. 2015ರ ಡಿಸೆಂಬರ್ನಲ್ಲಿ ಅಲ್ಲೇ ಸಲೆಂಟೋದ ಲೆಚ್ಚೆ ಊರಿನ ಸರ್ಕಾರಿ ವಕೀಲರು (ಪ್ರಾಸಿಕ್ಯೂಟರ್ಗಳು) ವಿಜ್ಞಾನಿಗಳ ಮೇಲೇ ತನಿಖೆ ಹಾಕಿ ಕಡಿಯೋದನ್ನ ನಿಲ್ಲಿಸಿದ್ರು, 2019ರಲ್ಲಿ ಆ ಕೇಸ್ ಬಿದ್ದುಹೋಯ್ತು. ಹಸಿರಾಗಿರೋ ಮುತ್ತಾತನ ಮರಕ್ಕೆ ನೀವೇ ಗರಗಸ ಹಾಕಿ ಅಂದ್ರೆ ಯಾರ ಕೈ ಬರುತ್ತೆ, ನಾನಂತೂ ಅವರನ್ನ ಬೈಯಲ್ಲ. ಆದ್ರೆ ಹುಳ ಕೋರ್ಟ್ ತೀರ್ಪಿಗೆ ಕಾಯ್ಲಿಲ್ಲ. ಸುಮಾರು 2 ಕೋಟಿ 10 ಲಕ್ಷ ಮರ ಹೋಯ್ತು ಅಂತ ಅಲ್ಲಿನ ರೈತ ಸಂಘಟನೆ ಹೇಳುತ್ತೆ.

ಈಗ ಲೆಚ್ಚಿನೋ, ಫಾವೊಲೋಸಾ ಅಂತ ತಡೆದುಕೊಳ್ಳೋ ತಳಿ ಎರಡು ನೆಡ್ತಿದ್ದಾರೆ. ಅವಕ್ಕೂ ಬ್ಯಾಕ್ಟೀರಿಯಾ ಹೊಕ್ಕುತ್ತೆ, ಆದ್ರೆ ಅಷ್ಟಾಗಿ ಹೆಚ್ಚಲ್ಲ, ಕೆಲವೇ ವರ್ಷಕ್ಕೆ ಫಸಲು. ಸಾಲಾಗಿ ನೆಟ್ಟು ಮಷಿನ್ನಲ್ಲೇ ಕೊಯ್ಯಬಹುದು, ಬಲೆ ಹಾಸೋಕೆ ಮಗ ಅಪ್ಪ ಯಾರೂ ಬೇಡ. ವಯಸ್ಸಾದವರು ಎಷ್ಟೋ ಜನ ನೆಡೋ ಗೋಜಿಗೇ ಹೋಗಿಲ್ಲ, ಕೆಲವು ಹೊಲದಲ್ಲಿ ಸೋಲಾರ್ ಫಲಕ ಬಂದಿದೆ. ಹಠ ಬಿಡದ ಕೆಲವರು ಒಣಗ್ತಿರೋ ಹಳೇ ಮರಕ್ಕೇ ಲೆಚ್ಚಿನೋ ಕಸಿ ಕಟ್ಟಿದ್ದಾರೆ, ಬುಡ ಮುತ್ತಾತನದು, ಕೊಂಬೆ ಹೊಸದು. ಕೆಲವು ಚಿಗುರಿವೆ, ಕೆಲವು ಕಸಿ ಹಿಡಿಯದೆ ಒಣಗಿದ್ವು, ಅವಕ್ಕೆ ಮತ್ತೆ ಕಟ್ತಿದ್ದಾರೆ. ಬರ್ಲಾ, ನಮಸ್ಕಾರ.