ನೆಟ್ಟಗೆ ಕೂತರಷ್ಟೇ ಸಾಲದು, ಆಗಾಗ ಏಳಬೇಕು

ಇದು ನನ್ನ ಕೆಲಸದ ಟೇಬಲ್. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕಗಳಿವೆ, ನೋಡಿ. ಸುಮ್ನೆ ಇಟ್ಟಿದ್ದಲ್ಲ. ಲ್ಯಾಪ್‌ಟಾಪಿನಲ್ಲಿ ಸ್ಕ್ರೀನು, ಕೀಬೋರ್ಡು ಎರಡೂ ಅಂಟಿಕೊಂಡೇ ಇರುತ್ತವೆ, ಅಲ್ವಾ? ಕೈಗೆ ಸರಿಹೋಗುವಂತೆ ಇಟ್ಟರೆ ಕತ್ತು ಬಗ್ಗುತ್ತದೆ. ಕತ್ತಿಗೆ ಸರಿಹೋಗುವಂತೆ ಇಟ್ಟರೆ ಭುಜ ಮೇಲೇರುತ್ತದೆ. ಅದಕ್ಕೇ ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಎತ್ತರಿಸಿ, ಬೇರೆ ಕೀಬೋರ್ಡು, ಮೌಸು ಹಾಕಿಕೊಂಡಿದ್ದೇನೆ. ನಮ್ಮ ತಲೆಯೇ ಸುಮಾರು 5 ಕೆಜಿ ತೂಗುತ್ತದೆ. ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂದಿನ ಸ್ನಾಯುಗಳು ಹಿಡಿದು ನಿಲ್ಲಿಸಲು ಹೆಣಗಬೇಕು.

ಕುರ್ಚಿಯ ವಿಷಯ ಬೇಗ ಮುಗಿಸುತ್ತೇನೆ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟಕ್ಕೆ ಹಿಂದಿನಿಂದ ಆಸರೆ ಬೇಕು, ಮೊಣಕೈ ಪಕ್ಕೆಯ ಹತ್ತಿರ ಇರಬೇಕು. ಕಾಲು ಎಟುಕದಿದ್ದರೆ ಒಂದು ಮಣೆ ಇಟ್ಟುಕೊಳ್ಳಿ. ದುಬಾರಿ ಕುರ್ಚಿ ತಂದ ಕೂಡಲೇ ಬೆನ್ನುನೋವು ಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಯಾಕಂದ್ರೆ, ಎಷ್ಟೇ ನೆಟ್ಟಗೆ ಕೂತರೂ 2 ಗಂಟೆ ಅಲ್ಲಾಡದೆ ಇರುವುದು ಬೆನ್ನಿಗೆ ಹಿಂಸೆಯೇ. ಬೆನ್ನುಮೂಳೆಗಳ ನಡುವೆ ಡಿಸ್ಕುಗಳಿವೆಯಲ್ಲ, ದೊಡ್ಡವರಾದ ಮೇಲೆ ಅವುಗಳ ಒಳಭಾಗಕ್ಕೆ ರಕ್ತನಾಳಗಳು ಹೋಗುವುದಿಲ್ಲ. ನಾವು ಏಳುತ್ತ, ನಡೆಯುತ್ತ ಇದ್ದಾಗ ಅವು ಒತ್ತಿ ಬಿಟ್ಟ ಸ್ಪಂಜಿನ ಹಾಗೆ ಸುತ್ತಲಿಂದ ದ್ರವ, ಪೋಷಕಾಂಶ ಹೀರಿಕೊಳ್ಳುತ್ತವೆ. ಮೀನಖಂಡವೂ ಅಷ್ಟೇ, ಕಾಲಾಡಿಸಿದಾಗಲೇ ಕೆಳಗಿನ ರಕ್ತವನ್ನು ಚೆನ್ನಾಗಿ ಮೇಲಕ್ಕೆ ತಳ್ಳುವುದು. ನಿಂತು ಕೆಲಸ ಮಾಡುವ ಟೇಬಲ್ ತಂದವರಿಗೂ ಇದೇ ಮಾತು. ಕದಲದೆ ನಿಂತರೆ ಕಾಲು ಊದಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ಮಾಡಿ ಅಂದದ್ದಷ್ಟೇ ಅಲ್ಲ, ಕೂರುವ ಹೊತ್ತನ್ನೂ ಕಡಿಮೆ ಮಾಡಿ ಅಂತ ಹೇಳಿದೆ.

ಅದಕ್ಕೆ ನನ್ನ ಟೇಬಲ್ ಮೇಲೆ ನೀರಿನ ಬಾಟಲಿ ಇಲ್ಲ, ಸಣ್ಣ ಲೋಟ ಇದೆ. ಖಾಲಿಯಾದಾಗಲೆಲ್ಲ ಅಡುಗೆಮನೆಗೆ ಹೋಗಲೇಬೇಕು. ಫೋನ್ ಬಂದರೆ ಓಡಾಡುತ್ತ ಮಾತಾಡುತ್ತೇನೆ. ಉದ್ದದ ಮೀಟಿಂಗ್ ಇದ್ದರೆ ಹೀಗೆ, ಕುರ್ಚಿ ಹಿಡಿದು ನಿಂತು, ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಆಮೇಲೆ ಒಂದು ಕಾಲು ಹಿಂದಿಟ್ಟು ತೊಡೆಯ ಮುಂಭಾಗ ಎಳೆದ ಹಾಗೆ ಆಗುವವರೆಗೆ ಸೊಂಟ ಮುಂದೆ ತರುವುದು. ಕೂತು ಕೂತು ಬಿಗಿಯಾಗುವುದು ಅದೇ ಜಾಗ.

ಬೆಂಗಳೂರಿನಲ್ಲಿ ಆಫೀಸಿಗೆ ಹೋಗುವವರ ಪಾಡು ಇನ್ನೂ ಕಷ್ಟ. ದಿನವಿಡೀ ಕೂತು, ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮತ್ತೆ ಕೂರಬೇಕು. ದಯವಿಟ್ಟು ಕ್ಯಾಬ್ ಹತ್ತುವ ಮುಂಚೆ ಒಂದು ಸುತ್ತು ನಡೆದುಬಿಡಿ.

ಒಂದು ಮಾತು ಮಾತ್ರ ಮರೀಬೇಡಿ. ಕೈ ಜೋಮು ಹಿಡಿಯುತ್ತಿದ್ದರೆ, ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ, ನನ್ನ ವಿಡಿಯೋ ನೋಡಿ ವ್ಯಾಯಾಮ ಮಾಡಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ.