ನಾಲ್ಕನೇ ದಿನದ ಕರೆಂಟು, ಒಣಗಿದ ಸ್ಪಾಂಜು

ತಲೆಗೆ ಪಟ್ಟಿ ಕಟ್ಟುವುದು ವಿಡಿಯೋದಲ್ಲಿ ನಿಮಗೆ ಕಾಣಿಸುತ್ತಿದೆ, ಅದನ್ನು ಹೇಳುತ್ತಾ ಕೂರುವುದಿಲ್ಲ. ನನ್ನ ಸಿಟ್ಟೆಲ್ಲ ಈ ಸ್ಪಾಂಜಿನ ಮೇಲೆ.

ಬೆನ್ನುಹುರಿಗೆ ಪೆಟ್ಟಾದ ಮೇಲೆ ನನಗೆ ಕಾಲಿನಲ್ಲಿ ಶುರುವಾದ ನೋವಿಗೆ ಈ ಚಿಕಿತ್ಸೆ, ಇದಕ್ಕೆ ಟಿಡಿಸಿಎಸ್ ಅನ್ನುತ್ತಾರೆ. ತಲೆಯ ಮೇಲಿನಿಂದಲೇ ಮೆದುಳಿಗೆ 2 ಮಿಲಿಆಂಪಿಯರ್ ಕರೆಂಟು, 20 ನಿಮಿಷ. ಸೂಜಿ ಇಲ್ಲ, ಆಪರೇಷನ್ ಇಲ್ಲ. ಕೈಕಾಲು ಆಡಿಸುವ ಮೆದುಳಿನ ಭಾಗದ ಮೇಲೆ ಒಂದು ಸ್ಪಾಂಜು, ಆಚೆ ಬದಿಯ ಹುಬ್ಬಿನ ಮೇಲೆ ಇನ್ನೊಂದು. ಎರಡೂ ಉಪ್ಪುನೀರಿನಲ್ಲಿ ನೆನೆದಿರಬೇಕು. ನಿನ್ನೆ ನೀರು ಜಾಸ್ತಿಯಾಗಿ ಕಿವಿಯ ಹಿಂದೆ ಇಳಿದು ಕಾಲರ್ ತೊಯ್ದುಹೋಯಿತು. ನೀರು ಹರಿದ ಕಡೆಗೆಲ್ಲ ಕರೆಂಟೂ ಹರಡುತ್ತದೆ, ಅಲ್ವಾ? ಅದಕ್ಕೆ ಇವತ್ತು ಚೆನ್ನಾಗಿ ಹಿಂಡಿ ಇಟ್ಟರು. ಆರೇ ನಿಮಿಷ, ಒಣಗಿತು. ಕೂದಲ ಬುಡ ಚುರುಚುರು ಅಂದಿತು, ಮೆಷಿನ್ ಕೂಗಿ ನಿಂತೇಹೋಯಿತು. ಮತ್ತೆ ಪಟ್ಟಿ ಬಿಚ್ಚಿ, ಕೂದಲು ಬಿಡಿಸಿ, ಸಿರಿಂಜಿನಲ್ಲಿ ನೀರು ಬಿಟ್ಟು, ಸ್ಪಾಂಜು ಇಡುವ ಜಾಗ ಗುರುತಿಸಲು ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನ ತನಕ ಟೇಪು ಹಿಡಿದು ಅಳೆದರು. ನನಗೆ ಕುರ್ಚಿಯಲ್ಲಿ ಕೂತು ಕೂತು ಬೆನ್ನು ಸೆಟೆದಿತ್ತು. ಎಲ್ಲ ಬಿಟ್ಟು ಮನೆಗೆ ಹೋಗೋಣ ಅನ್ನಿಸಿತು.

"ಕಾಲಿಗೆ ಮುಟ್ಟಿದ್ದೇ ಗೊತ್ತಾಗುವುದಿಲ್ಲ, ನೋವು ಎಲ್ಲಿಂದ ಬಂತು?" ಎಂದು ಅತ್ತಿಗೆ ಈಗಲೂ ಕೇಳುತ್ತಾರೆ. ಬೆನ್ನುಹುರಿಗೆ ಪೆಟ್ಟಾದ ಮೇಲೆ ಕೆಳಗಿನ ಸುದ್ದಿ ಮೇಲೆ ಸರಿಯಾಗಿ ತಲುಪುವುದಿಲ್ಲ. ಆದರೆ ನೋವಿನ ನರಗಳು ಸುಮ್ನೆ ಇರುವುದಿಲ್ಲ, ತಾವೇ ಕೆರಳುತ್ತವೆ. ರಾತ್ರಿ ಪಾದ ಕೆಂಡದ ಮೇಲಿಟ್ಟ ಹಾಗೆ ಉರಿಯುತ್ತದೆ. ಮನೆಯಲ್ಲಿ ಯಾರಾದರೂ ಹೀಗೆ ಹೇಳಿದರೆ ದಯವಿಟ್ಟು ನಂಬಿ.

2006ರಲ್ಲಿ ನಮ್ಮಂಥ 17 ಜನರ ಮೇಲೆ ಇದನ್ನೇ 5 ದಿನ ಮಾಡಿ ನೋಡಿದ್ದರು. ಕೆಲವರಿಗೆ ಕೊಟ್ಟದ್ದು ಸುಳ್ಳು ಕರೆಂಟು, 30 ಸೆಕೆಂಡಿಗೇ ಆಫ್. ನಿಜವಾದದ್ದು ಸಿಕ್ಕವರಿಗೆ ನೋವು ಹೆಚ್ಚು ಇಳಿಯಿತು. ಆಮೇಲಿನ ಅಧ್ಯಯನಗಳಲ್ಲಿ ಎಲ್ಲ ಕಡೆ ಹಾಗೇ ಆಗಲಿಲ್ಲ. ಹಾಗಾಗಿ ನಾನು ನರದ ನೋವಿನ ಪ್ರೆಗಾಬಲಿನ್ ಮಾತ್ರೆ ನಿಲ್ಲಿಸಿಲ್ಲ. ಬ್ಯಾಟರಿ, ವೈರು ಜೋಡಿಸಿ ಮನೆಯಲ್ಲೇ ಮಾಡಿಕೊಳ್ಳಬೇಡಿ, ಚರ್ಮ ಸುಡುತ್ತದೆ.

ಮೊನ್ನೆ ರಾತ್ರಿ ಮಾತ್ರ ನಾಲ್ಕು ತಾಸು ಒಂದೇ ಸಮನೆ ನಿದ್ದೆ ಬಂತು. ಅಷ್ಟು ಹೊತ್ತು ಮಲಗಿ ಎಷ್ಟು ತಿಂಗಳಾಗಿತ್ತೋ! ಅದು ಕರೆಂಟಿನಿಂದಲೇ ಎಂದು ಮೊನ್ನೆ ಎಲ್ಲರಿಗೂ ಹೇಳಿದ್ದೆ, ಇವತ್ತು ಅಷ್ಟು ಧೈರ್ಯ ಇಲ್ಲ. ಆದರೂ ನಾಳೆ ಬರುತ್ತೇನೆ.

ಹಾಂ, ಕರೆಂಟು ಇಳಿಸುತ್ತಿದ್ದಾರೆ. ಪಟ್ಟಿ ಬಿಚ್ಚಿದರು. ಹುಬ್ಬಿನ ಮೇಲೆ ಕೆಂಪಾಗಿದೆ ನೋಡಿ, ಸ್ವಲ್ಪ ಹೊತ್ತಿಗೆ ಹೋಗುತ್ತದೆ.