ನಕ್ಷೆಯ ಅಂಚಿನಾಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೊನ್ನೆ ರಾತ್ರಿ ನಮ್ಮೂರಿನವರೆಲ್ಲ ಒಟ್ಟಿಗೇ ಕಾಯಿಲೆ ಬಿದ್ದರು. ಗಾಬರಿ ಬೇಡ. ಆ ಊರು ಇರುವುದು ಕಂಪ್ಯೂಟರ್ ಪರದೆಯ ಮೇಲೆ. ಸಿಟೀಸ್ ಸ್ಕೈಲೈನ್ಸ್ ಅಂತ ಒಂದು ಆಟ ಇದೆ, 2015ರಲ್ಲಿ ಫಿನ್ಲೆಂಡಿನ ಒಂದು ಸಣ್ಣ ತಂಡ ಮಾಡಿದ್ದು. ಖಾಲಿ ಜಾಗ ಕೊಡುತ್ತಾರೆ, ಒಂದಿಷ್ಟು ದುಡ್ಡು ಕೊಡುತ್ತಾರೆ, ಊರು ಕಟ್ಟು ಅನ್ನುತ್ತಾರೆ. ರಸ್ತೆ, ಕರೆಂಟು, ನೀರು, ಶಾಲೆ, ಸ್ಮಶಾನ ಎಲ್ಲ ನಮ್ಮದೇ ಜವಾಬ್ದಾರಿ.

ತಪ್ಪು ಎಲ್ಲಿ ಆಗಿತ್ತು ಅಂದರೆ, ಕೊಳಚೆ ಬಿಡುವ ಪೈಪನ್ನು ನಾನು ನೀರೆತ್ತುವ ಪಂಪಿಗಿಂತ ಮೇಲೆ ಇಟ್ಟಿದ್ದೆ. ನದಿ ಯಾವ ಕಡೆಗೆ ಹರಿಯುತ್ತದೆ ಅಂತ ನೋಡಿರಲೇ ಇಲ್ಲ. ಊರಿನ ಹೊಲಸೆಲ್ಲ ಕಂದು ಪಟ್ಟಿಯಾಗಿ ತೇಲಿ ಬಂದು ಅದೇ ಊರಿನ ನಲ್ಲಿ ಸೇರುತ್ತಿತ್ತು. ಈ ಆಟ ಆಡುವವರಲ್ಲಿ ಹೆಚ್ಚಿನವರು ಮೊದಲ ಸಲ ಮಾಡುವ ತಪ್ಪು ಇದೇ ಅಂತೆ. ಸ್ವಲ್ಪ ಸಮಾಧಾನ ಆಯಿತು.

ಅಸಲಿ ಊರೊಂದು ಹೀಗೆಯೇ ಎಡವಿದ್ದು ತಿಳಿದ ಮೇಲೆ ಇನ್ನೂ ಸಮಾಧಾನ ಆಯಿತು. ಅಮೆರಿಕದ ಷಿಕಾಗೊ ನಗರ ಕುಡಿಯುವ ನೀರು ತರುತ್ತಿದ್ದದ್ದು ಮಿಷಿಗನ್ ಸರೋವರದಿಂದ. ಊರಿನ ಚರಂಡಿ ನೀರು ಷಿಕಾಗೊ ನದಿಗೆ ಬೀಳುತ್ತಿತ್ತು. ಆ ನದಿ ಹೋಗಿ ಸೇರುತ್ತಿದ್ದದ್ದು ಅದೇ ಸರೋವರಕ್ಕೆ! ಕೊನೆಗೆ ಅವರು 28 ಮೈಲಿ ಉದ್ದದ ಕಾಲುವೆ ತೋಡಿ, 1900ರಲ್ಲಿ ನದಿಯನ್ನೇ ಹಿಂದಕ್ಕೆ ಹರಿಯುವಂತೆ ಮಾಡಿದರು. ನಾನು ಪೈಪನ್ನು ಕಿತ್ತು ಕೆಳಗೆ ಇಟ್ಟೆ. ಎರಡು ಕ್ಲಿಕ್, ಕೆಲಸ ಮುಗೀತು.

ಆದರೆ ಷಿಕಾಗೊದ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ತಿರುಗಿದ ನೀರು ಮಿಸಿಸಿಪ್ಪಿ ನದಿಯ ಕಡೆ ಹೊರಟಿತು. ಆ ದಾರಿಯಲ್ಲಿ ಸೇಂಟ್ ಲೂಯಿಸ್ ನಗರ ಇತ್ತು. ನಿಮ್ಮ ಹೊಲಸು ನಮಗ್ಯಾಕೆ ಅಂತ ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1906ರಲ್ಲಿ ತೀರ್ಪು ಬಂತು. ಸಾಕ್ಷ್ಯ ಸಾಲದು ಅಂತ ಮಿಸೌರಿ ಸೋತಿತು. ನನ್ನ ಆಟದಲ್ಲಿ ಕೋರ್ಟೂ ಇಲ್ಲ, ಕೆಳಗಿನ ಊರೂ ಇಲ್ಲ. ಕಂದು ನೀರು ನಕ್ಷೆಯ ಅಂಚಿನವರೆಗೆ ಹೋಗುತ್ತದೆ, ಆಮೇಲೆ ಕಾಣುವುದಿಲ್ಲ. ಆ ಅಂಚಿನಾಚೆ ಏನೇನು ಬಿದ್ದಿದೆ ಅಂತ ಅವತ್ತಿನಿಂದ ನನಗೆ ಒಂಥರಾ ಕುತೂಹಲ.

ಈ ಜಾತಿಯ ಆಟಗಳು ಜನಪ್ರಿಯವಾದದ್ದು 1989ರಲ್ಲಿ, ಸಿಮ್‌ಸಿಟಿಯಿಂದ. ಮಾಡಿದವರು ವಿಲ್ ರೈಟ್. ಅದಕ್ಕೂ ಮುಂಚೆ ಅವರು ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬ್ ಹಾಕುವ ಆಟವೊಂದನ್ನು ಮಾಡಿದ್ದರು. ಬಾಂಬ್ ಹಾಕುವುದಕ್ಕಿಂತ ದ್ವೀಪದಲ್ಲಿ ರಸ್ತೆ, ಕಟ್ಟಡ ಜೋಡಿಸುವುದರಲ್ಲೇ ಅವರಿಗೆ ಮಜಾ ಜಾಸ್ತಿ ಸಿಕ್ಕಿತು. ಆ ಮಜಾವೇ ಸಿಮ್‌ಸಿಟಿ ಆಯಿತು. ಊರು ಹೇಗೆ ಬೆಳೆಯುತ್ತದೆ ಅನ್ನುವ ಲೆಕ್ಕಕ್ಕೆ ಅವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ ಅವರ ಕೆಲಸವನ್ನು ಓದಿಕೊಂಡರು. ಫಾರೆಸ್ಟರ್ 1969ರಲ್ಲೇ ಇಡೀ ನಗರವನ್ನು ಸಮೀಕರಣಗಳಲ್ಲಿ ಕೂರಿಸಿದ್ದವರು. ಬಡವರಿಗೆ ಅಗ್ಗದ ಮನೆ ಕಟ್ಟಿಸಿದರೆ ನಗರಕ್ಕೆ ನಷ್ಟವೇ ಹೆಚ್ಚು ಅಂತ ಆ ಲೆಕ್ಕ ಹೇಳಿತು. ದೊಡ್ಡ ಗಲಾಟೆ ಆಯಿತು. ಲೆಕ್ಕ ಹಾಕಿದ್ದು ಯಂತ್ರವಾದರೂ, ಯಾವುದನ್ನು ಲೆಕ್ಕಕ್ಕೆ ತಗೋಬೇಕು ಅಂತ ತೀರ್ಮಾನಿಸಿದ್ದು ಮನುಷ್ಯರೇ ಅಲ್ವಾ?

ಬಣ್ಣಗಳನ್ನೇ ನೋಡಿ. ಆಟದಲ್ಲಿ ಮನೆಗೆ ಹಸಿರು, ಅಂಗಡಿಗೆ ನೀಲಿ, ಕಾರ್ಖಾನೆಗೆ ಹಳದಿ. ನೆಲಕ್ಕೆ ಬಣ್ಣ ಬಳಿಯಿರಿ, ಕಟ್ಟಡ ತಾನಾಗಿ ಏಳುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆ ಬೇಕು ಅಂದರೆ ಆಗುವುದಿಲ್ಲ. ಒಂದು ಚೌಕಕ್ಕೆ ಒಂದೇ ಬಣ್ಣ. ಇದು ಆಟದವರ ಕಲ್ಪನೆಯಲ್ಲ, ಅಮೆರಿಕದ ಎಷ್ಟೋ ಊರುಗಳ ಕಾನೂನು. ಒಹಾಯೊ ರಾಜ್ಯದ ಯೂಕ್ಲಿಡ್ ಅನ್ನುವ ಹಳ್ಳಿ ತನ್ನ ನೆಲವನ್ನು ಹೀಗೆ ವಲಯಗಳಾಗಿ ಹಂಚಿತ್ತು. ಜಮೀನಿನ ಮಾಲೀಕರು ದಾವೆ ಹೂಡಿದರು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಳ್ಳಿಯ ಪರ ತೀರ್ಪು ಕೊಟ್ಟಿತು. ಅವತ್ತಿನಿಂದ ಅಂಥ ವಲಯ ಪದ್ಧತಿಗೆ ಯೂಕ್ಲಿಡ್ ಹೆಸರೇ ಅಂಟಿಕೊಂಡಿತು. ರೇಖಾಗಣಿತದ ಯೂಕ್ಲಿಡ್ ಅಂದುಕೊಳ್ಳುವವರೂ ಇದ್ದಾರೆ. ಚೌಕ ಚೌಕವಾದ ನಕ್ಷೆ ನೋಡಿದರೆ ಹಾಗೆ ಅನ್ನಿಸುವುದು ಸಹಜವೇ.

ಇನ್ನು ಟ್ರಾಫಿಕ್ಕು. ನನ್ನ ಅರ್ಧ ರಾತ್ರಿಗಳನ್ನು ತಿಂದಿರುವುದು ಇದೇ. ಹೆದ್ದಾರಿಯಿಂದ ಊರೊಳಗೆ ಬರುವ ಒಂದು ಜಂಕ್ಷನ್ ಇದೆ. ಆರು ಲೇನಿನ ರಸ್ತೆ ಮಾಡಿಕೊಟ್ಟಿದ್ದೇನೆ. ಆದರೂ ಎಲ್ಲ ವಾಹನಗಳೂ ಒಂದೇ ಲೇನಿನಲ್ಲಿ ಒಂದರ ಹಿಂದೆ ಒಂದು ನಿಂತಿರುತ್ತವೆ, ಪಕ್ಕದ ಲೇನುಗಳು ಖಾಲಿ. ಮೊದಲು ಸಿಟ್ಟು ಬಂತು. ಆಮೇಲೆ ಹತ್ತಿರದಿಂದ ನೋಡಿದೆ. ಎಲ್ಲರೂ ಮುಂದಿನ ತಿರುವಿನಲ್ಲಿ ಬಲಕ್ಕೆ ಹೋಗಬೇಕು. ಯಾಕೆಂದರೆ ಕಾರ್ಖಾನೆಗಳನ್ನೆಲ್ಲ ನಾನು ಒಂದೇ ಮೂಲೆಗೆ ತಳ್ಳಿದ್ದೇನೆ, ಅಲ್ಲಿಗೆ ಇರುವುದು ಅದೊಂದೇ ದಾರಿ. ರಸ್ತೆ ಅಗಲ ಮಾಡಿ ಏನೂ ಪ್ರಯೋಜನ ಇರಲಿಲ್ಲ. ಇನ್ನೊಂದು ದಾರಿ ತೆರೆದೆ, ಗಂಟು ಬಿಚ್ಚಿಕೊಂಡಿತು.

ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವು ಕಡೆ, ಪಕ್ಕದ ರಸ್ತೆಗಳೂ ಸೇರಿ, 26 ಲೇನಿನವರೆಗೆ ಹಿಗ್ಗಿಸಿದರು. ಕೆಲವೇ ವರ್ಷಗಳಲ್ಲಿ ಬೆಳಗಿನ, ಸಂಜೆಯ ಪ್ರಯಾಣ ಮತ್ತೆ ನಿಧಾನವಾಯಿತು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಉಲ್ಟಾ. ಚಾಂಗ್‌ಗೆಚಾನ್ ಅನ್ನುವ ತೊರೆಯ ಮೇಲೆ ಕಟ್ಟಿದ್ದ ಮೇಲ್ಸೇತುವೆಯನ್ನು 2003ರಲ್ಲಿ ಒಡೆಯಲು ಶುರು ಮಾಡಿದರು, 2005ರಲ್ಲಿ ತೊರೆ ಮತ್ತೆ ಬೆಳಕು ಕಂಡಿತು. ಭಯಪಟ್ಟ ಹಾಗೆ ನಗರವೇನೂ ನಿಂತುಹೋಗಲಿಲ್ಲ. ಜನ ಬೇರೆ ದಾರಿ, ಬಸ್ಸು, ಮೆಟ್ರೋ ನೋಡಿಕೊಂಡರು. ಆಟದ ಜನಕ್ಕೆ ಈ ಬುದ್ಧಿ ಇಲ್ಲ. ಮನೆಯಿಂದ ಹೊರಡುವಾಗ ಹಿಡಿದ ದಾರಿಯನ್ನು, ಎಷ್ಟೇ ಜಾಮ್ ಆದರೂ ಬಿಡುವುದಿಲ್ಲ. ಬದಲಿಗೆ ಅವರಿಗೊಂದು ಮಂತ್ರ ಗೊತ್ತು. ತುಂಬಾ ಹೊತ್ತು ಸಿಕ್ಕಿಕೊಂಡ ಕಾರು ಇದ್ದಕ್ಕಿದ್ದ ಹಾಗೆ ಮಾಯ! ಅಸಲಿ ಜಂಕ್ಷನ್ನಿನಲ್ಲಿ ನಿಂತು ಈ ಮಂತ್ರವನ್ನು ಎಷ್ಟು ಸಲ ಬೇಡಿಕೊಂಡಿದ್ದೇನೋ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಒಂದು ದೊಡ್ಡ ಬಡಾವಣೆಗೆ ಒಂದೇ ಸಲಕ್ಕೆ ಹಸಿರು ಬಣ್ಣ ಬಳಿದೆ. ನೂರಾರು ಕುಟುಂಬಗಳು ಒಟ್ಟಿಗೇ ಬಂದವು, ಹೆಚ್ಚೂಕಮ್ಮಿ ಒಂದೇ ವಯಸ್ಸಿನವರು. ಸುಖವಾಗಿದ್ದರು. ಎಷ್ಟೋ ಆಟದ ವರ್ಷಗಳ ನಂತರ ಒಂದು ದಿನ ಮನೆಮನೆಯ ಮೇಲೂ ತಲೆಬುರುಡೆಯ ಗುರುತು. ಜೊತೆಗೇ ಮುದುಕರಾದವರು ಜೊತೆಗೇ ಸಾಯುತ್ತಿದ್ದಾರೆ. ಹೆಣ ಸಾಗಿಸುವ ವ್ಯಾನುಗಳೆಲ್ಲ ರಸ್ತೆಗೆ ಇಳಿದು, ಅವುಗಳದ್ದೇ ಜಾಮ್. ಆಡುವವರು ಇದನ್ನು ಸಾವಿನ ಅಲೆ ಅನ್ನುತ್ತಾರೆ. ನಗು ಬರುತ್ತದೆ, ನಿಜ. ಆದರೆ ಟೋಕಿಯೊ ಪಕ್ಕದ ತಾಮಾ ಹೊಸನಗರಕ್ಕೆ 1971ರಿಂದ ಜನ ಬಂದು ನೆಲೆಸಿದರು, ಹೆಚ್ಚಿನವು ಎಳೆಯ ಕುಟುಂಬಗಳು. ಮಕ್ಕಳು ದೊಡ್ಡವರಾಗಿ ಹೊರಟರು, ಅಪ್ಪ ಅಮ್ಮ ಅಲ್ಲೇ ಉಳಿದರು. ಶಾಲೆಗಳು ಮುಚ್ಚಿದವು. ಲಿಫ್ಟ್ ಇಲ್ಲದ ಐದು ಅಂತಸ್ತಿನ ಕಟ್ಟಡಗಳ ಮೆಟ್ಟಿಲು ಹತ್ತುವುದೇ ಒಂದು ಕೆಲಸವಾಯಿತು. ಒಂದೇ ಸಲಕ್ಕೆ ಬಣ್ಣ ಬಳಿದರೆ ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಇಷ್ಟೆಲ್ಲ ನಿಜ ತೋರಿಸುವ ಈ ಜಾತಿಯ ಆಟಗಳು ಒಂದು ವಿಷಯದಲ್ಲಿ ಮಾತ್ರ ಸುಮ್ನೆ ಕಣ್ಣು ಮುಚ್ಚಿಕೊಳ್ಳುತ್ತವೆ. ಪಾರ್ಕಿಂಗ್. 2013ರ ಸಿಮ್‌ಸಿಟಿ ಮಾಡುವಾಗ ಅದರ ಮುಖ್ಯ ವಿನ್ಯಾಸಕ ಸ್ಟೋನ್ ಲಿಬ್ರಾಂಡೆ ಅಸಲಿ ಅಂಗಡಿಗಳ ಪಾರ್ಕಿಂಗ್ ಜಾಗವನ್ನು ಅಳೆದು ನೋಡಿದರಂತೆ. ಅಂಗಡಿಗಿಂತ ಪಾರ್ಕಿಂಗೇ ದೊಡ್ಡದು! ಅಷ್ಟನ್ನೂ ಆಟದಲ್ಲಿ ಹಾಕಿದರೆ ಪರದೆ ತುಂಬ ಡಾಂಬರು, ಯಾರಿಗೂ ಆಡಲು ಮನಸ್ಸು ಬರುವುದಿಲ್ಲ. ಹಾಗಾಗಿ ಪಾರ್ಕಿಂಗ್ ಎಲ್ಲ ನೆಲದಡಿ ಇದೆ ಅಂದುಕೊಳ್ಳೋಣ ಅಂತ ತೀರ್ಮಾನಿಸಿದರು. ನೋಡಲು ಬೇಜಾರು ಅಂತ ಆಟದಿಂದ ಕಿತ್ತುಹಾಕಿದ್ದನ್ನು, ಅಸಲಿ ನಗರಗಳು ನಿಯಮ ಬರೆದು ಕಟ್ಟಿಸಿಕೊಂಡಿವೆ.

ಆಟದಲ್ಲಿ ನಾನು ತೀರಾ ಸಲೀಸಾಗಿ ಬಳಸುವ ಸಾಧನ ಬುಲ್ಡೋಜರ್. ಆ ಹೊಸ ದಾರಿ ತೆರೆದೆ ಅಂದೆನಲ್ಲ, ಅದಕ್ಕೆ ಇಪ್ಪತ್ತು ಮನೆ ಬಿದ್ದವು. ನೋಟಿಸ್ ಇಲ್ಲ, ಪರಿಹಾರ ಇಲ್ಲ, ಎದುರು ನಿಂತವರು ಯಾರೂ ಇಲ್ಲ. ಈ ಆಟದಲ್ಲಿ ಯಾರ ಮೇಲೆ ಕ್ಲಿಕ್ ಮಾಡಿದರೂ ಅವರ ಹೆಸರು, ಮನೆ, ಕೆಲಸ ಕಾಣುತ್ತದೆ. ಆ ಸಾಲಿನಲ್ಲಿದ್ದ ಒಬ್ಬ ಹೆಂಗಸಿನ ಹಿಂದೆ ಅದಕ್ಕೆ ಮುಂಚೆ ಒಂದು ಸಂಜೆ ಸುಮಾರು ಹೊತ್ತು ಕ್ಯಾಮೆರಾ ಇಟ್ಟುಕೊಂಡು ಹೋಗಿದ್ದೆ. ಬಸ್ ಇಳಿದಳು, ಪಾರ್ಕಿನಲ್ಲಿ ನಿಂತಳು, ಮನೆಗೆ ಹೋದಳು. ರಸ್ತೆ ಆದ ಮೇಲೆ ಹುಡುಕಿದರೆ ಅವಳು ಸಿಗಲೇ ಇಲ್ಲ.

ಬುಲ್ಡೋಜರನ್ನು ಪಕ್ಕಕ್ಕಿಟ್ಟು ಆಡುವ ಆಟವೂ ಇದೆ. ವಿಶ್ವಸಂಸ್ಥೆಯ ವಸತಿ ವಿಭಾಗ ಮತ್ತು ಚೌಕ ಚೌಕ ಇಟ್ಟಿಗೆ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಅನ್ನುವ ಆಟ ಮಾಡಿದ ಮೊಜಾಂಗ್ ಕಂಪನಿ ಸೇರಿ 2012ರಲ್ಲಿ ಬ್ಲಾಕ್ ಬೈ ಬ್ಲಾಕ್ ಅನ್ನುವ ಯೋಜನೆ ಶುರು ಮಾಡಿದವು. ನೈರೋಬಿಯಿಂದ ಹಿಡಿದು ಹಲವು ನಗರಗಳಲ್ಲಿ, ಒಂದು ಮೈದಾನವನ್ನೋ ಬೀದಿಯನ್ನೋ ಮೊದಲು ಇರುವ ಹಾಗೆಯೇ ಮೈನ್‌ಕ್ರಾಫ್ಟಿನಲ್ಲಿ ಕಟ್ಟಿಕೊಡುತ್ತಾರೆ. ಆಮೇಲೆ ಅಲ್ಲಿ ವಾಸಿಸುವವರನ್ನೇ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಎಷ್ಟೋ ಜನ ಅಲ್ಲಿಯವರೆಗೆ ಮೌಸ್ ಮುಟ್ಟಿದವರಲ್ಲ. ಮೊದಲ ದಿನ ಗೋಡೆಗೆ ಡಿಕ್ಕಿ ಹೊಡೆಯುತ್ತಾ ನಡೆಯುತ್ತಾರೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ, ಇಲ್ಲಿ ದೀಪ ಬೇಕು, ಇಲ್ಲಿ ಕೂರಲು ಜಾಗ ಬೇಕು, ಈ ದಾರಿ ಹೀಗಿದ್ದರೆ ಹೇಗೆ ಅಂತ ಪಕ್ಕದವರ ಜೊತೆ ವಾದಕ್ಕೇ ಇಳಿದಿರುತ್ತಾರೆ.

ನಮಸ್ಕಾರ.